ಉಳಿದ ಎರಡು ಹೆಜ್ಜೆ

ಧಾರವಾಡದ ಸಪ್ತಾಪುರದಲ್ಲಿ ಹಿಟ್ಟಿನ ಗಿರಣಿಯ ಮುಂದೆ ಸ್ಕೂಟಿ ನಿಲ್ಲಿಸಿದರೆ ನನಗೆ ಇವತ್ತಿಗೂ ಮೆಸೊಪೊಟೇಮಿಯಾದ ವಾಸನೆ ಬರುತ್ತದೆ. ಆಗಷ್ಟೇ ಬೀಸಿದ ಬಿಸಿ ಜೋಳದ ಹಿಟ್ಟಿನ ವಾಸನೆ ಅದು. ಅಲ್ಲಿಂದ ನಾಲ್ಕು ಮನೆ ದಾಟಿದರೆ ನೀರಿನ ಟ್ಯಾಂಕು, ಅದು ಈಜಿಪ್ಟ್. ಬಲಕ್ಕೆ ಹೊರಳಿದರೆ ಗರಡಿಮನೆ, ಅದು ಗ್ರೀಸ್. ಡಾಂಬರು ರಸ್ತೆ ಸಿಕ್ಕಿತೆಂದರೆ ರೋಮಿಗೆ ಬಂದೆವು ಎಂದು ಅರ್ಥ. ಹೀಗೆಲ್ಲ ಹೇಳಿದರೆ ಕೇಳಿದವರು ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುತ್ತಾರೆ. ಈ ಓಣಿಗಳಿಗೆ ಈ ಹೆಸರುಗಳನ್ನು ಇಟ್ಟವರು ನಮ್ಮ ಸರ್. ಕಳೆದ ತಿಂಗಳು ಅವರು ತೀರಿಕೊಂಡರು.

ಅವರು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಆಮೇಲೆ ಆ ಗಿರಣಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ನಮ್ಮಂಥವರಿಗೆ ಜಗತ್ತಿನ ಚರಿತ್ರೆ ಹೇಳುತ್ತಿದ್ದರು. ಸಪ್ತಾಪುರದಲ್ಲಿ ಇಂಥ ಕೋಣೆಗಳಿಗೆ ಬರವಿಲ್ಲ. ಒಂದು ಗೋಡೆಗೆ ‘ರೂಮು ಬಾಡಿಗೆಗೆ ಇದೆ’ ಎಂಬ ಬೋರ್ಡು ಇದ್ದರೆ ಪಕ್ಕದ ಗೋಡೆಗೆ ಕೋಚಿಂಗ್ ಕ್ಲಾಸಿನ ಬೋರ್ಡು ಇರುತ್ತದೆ. ಸರ್ ಮಾತ್ರ ಬೋರ್ಡು ಹಾಕಲಿಲ್ಲ. ಕೆಳಗೆ ಗಿರಣಿ ಶುರುವಾದರೆ ಮೇಲೆ ನೆಲ ನಡುಗುತ್ತಿತ್ತು, ಕರಿಹಲಗೆಯ ಮೇಲೆ ಸೀಮೆಸುಣ್ಣದ ಅಕ್ಷರಗಳೂ ನಡುಗುತ್ತಿದ್ದವು. “ಸಾಮ್ರಾಜ್ಯ ಬೀಳಾಕತ್ತಾವ, ಗಟ್ಟಿ ಹಿಡಕೊಂಡು ಕೂಡ್ರಿ” ಅನ್ನುತ್ತಿದ್ದರು.

ಆ ಹಲಗೆಯ ಎಡ ಮೂಲೆಯಲ್ಲಿ ಅವರು ಒಂದು ಸಣ್ಣ ಪಟ್ಟಿ ಬರೆದಿಡುತ್ತಿದ್ದರು. ಮುಂಜಾನೆಯ ಬ್ಯಾಚು ಎಲ್ಲಿಗೆ ನಿಂತಿತು, ಸಂಜೆಯ ಬ್ಯಾಚು ಎಲ್ಲಿಗೆ ನಿಂತಿತು ಎಂಬ ಗುರುತು ಅದು. ಒಂದು ಬ್ಯಾಚಿನ ಪಾಠ ಪೂರ್ತಿ ಮುಗಿದ ದಿನ ಆ ಸಾಲನ್ನು ಅಂಗೈಯಿಂದ ಒರೆಸಿ, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದರು. ಮುಗಿಯದೆ ಒರೆಸಿದ್ದನ್ನು ನಾನು ನೋಡಿಲ್ಲ.

ಕಲಿಸುವುದು ಕೋಣೆಯೊಳಗೆ. ಕಲಿತದ್ದನ್ನು ಮತ್ತೆ ತಿರುವಿ ಹಾಕುವುದು ಮಾತ್ರ ಹೊರಗೆ, ನಡೆಯುತ್ತ. ಭಾನುವಾರ ಬೆಳಗಿನ ಐದೂವರೆಗೆ ನಾವು ಎಂಟೋ ಹತ್ತೋ ಜನ ಗಿರಣಿಯ ಕಟ್ಟೆಯ ಮುಂದೆ ಸೇರುತ್ತಿದ್ದೆವು. ಅದಕ್ಕೆ ನಾವಿಟ್ಟ ಹೆಸರು ‘ರೌಂಡ್’. ಸರ್ ಕಿವಿಗೆ ಮಫ್ಲರ್ ಸುತ್ತಿಕೊಂಡು, ಮಳೆ ಇರಲಿ ಬಿಡಲಿ ಕೊಡೆ ಊರಿಕೊಂಡು ಇಳಿದು ಬರುತ್ತಿದ್ದರು. ಕಣ್ಣಲ್ಲಿ ಇನ್ನೂ ನಿದ್ದೆ ಇರುವಾಗಲೇ ಹೊರಡಬೇಕು ಎಂಬುದು ಅವರ ಕಟ್ಟಪ್ಪಣೆ. “ಪೂರಾ ಎಚ್ಚರಾದ ಮ್ಯಾಲೆ ಇದು ಬರೇ ಸಪ್ತಾಪುರ ಕಾಣ್ತದ. ಈಗ ನಡೀರಿ, ಈಗ ಎಲ್ಲಾ ಕಾಣ್ತದ.”

ಖರೆ ಹೇಳುತ್ತೇನೆ, ಕಾಣುತ್ತಿತ್ತು. ಮಂಜಿನಲ್ಲಿ ದೀಪದ ಕಂಬಗಳು ಅರ್ಧಕ್ಕೇ ಕಡಿದುಹೋಗಿರುತ್ತಿದ್ದವು. ಟ್ಯಾಂಕಿನಿಂದ ತೊಟ್ಟಿಕ್ಕುವ ನೀರು ಕೇಳಿಸುತ್ತಿತ್ತು. ಸರ್ ದನಿ ಏರಿಸುತ್ತಿರಲಿಲ್ಲ, ಮಗುವನ್ನು ಮಲಗಿಸುವವರ ಹಾಗೆ ಮಾತಾಡುತ್ತಿದ್ದರು. ಬಿದ್ದ ವಾಡೆಯ ಗೋಡೆಯ ಹತ್ತಿರ ಮಧ್ಯಯುಗ. ಜೆರಾಕ್ಸ್ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಮುದ್ರಣ ಯಂತ್ರ ಮತ್ತು ಪುನರುಜ್ಜೀವನ. ಅದರಾಚೆ ಒಂದು ಚಹಾದಂಗಡಿ. ‘ಇಲ್ಲಿ ರಾಜಕಾರಣ ಮಾತಾಡಬಾರದು’ ಎಂದು ಅಂಗಡಿಯವನು ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದ. ಜರ್ಮನಿಯಲ್ಲಿ ಒಬ್ಬ ಸನ್ಯಾಸಿ ಚರ್ಚಿನ ಬಾಗಿಲಿಗೆ ತನ್ನ ತಕರಾರುಗಳ ಕಾಗದ ಹಚ್ಚಿದನಲ್ಲ, ಹಾಗಾಗಿ ಅದು ಧರ್ಮಸುಧಾರಣೆ. ಮುಂದೆ ಬೇಕರಿ, ಬ್ರೆಡ್ಡು ಬೇಯುವ ವಾಸನೆ. ರೊಟ್ಟಿ ಸಿಗದ ಹೆಂಗಸರು ಅರಮನೆಯ ತನಕ ನಡೆದುಹೋದ ಫ್ರೆಂಚ್ ಕ್ರಾಂತಿ ಅಲ್ಲಿ ನಡೆಯುತ್ತಿತ್ತು.

ನಮ್ಮಲ್ಲೊಬ್ಬ ಒಮ್ಮೆ ಕೇಳಿಯೇಬಿಟ್ಟ. “ಸರ್, ನೀವು ಯುರೋಪ್ ನೋಡೀರೇನ್ರಿ?”

“ದಿನಾ ಮುಂಜಾನೆ ನೋಡ್ತೇನಲ್ಲೋ” ಅಂದರು.

ಅವರು ಪುಣೆಯ ಆಚೆ ಹೋದವರಲ್ಲ. ಸಮುದ್ರವನ್ನು ಕಾರವಾರದಲ್ಲಿ ಒಂದೇ ಒಂದು ಸಲ ನೋಡಿದ್ದರು. ಮದುವೆಯಾಗಿರಲಿಲ್ಲ. ಗಿರಣಿಯ ಹಿಂದಿನ ಮನೆಯಲ್ಲಿ ಅಕ್ಕನ ಜೊತೆ ಇದ್ದರು. ಆ ಅಕ್ಕಾವರು ನಮ್ಮನ್ನು ಕಂಡಾಗಲೆಲ್ಲ ಒಂದೇ ದೂರು ಹೇಳುತ್ತಿದ್ದರು. “ನಮ್ಮ ತಮ್ಮಗ ರೋಮಿಗೆ ಹೋಗೋ ದಾರಿ ಗೊತ್ತದ, ರೇಷನ್ ಅಂಗಡಿಗೆ ಹೋಗೋ ದಾರಿ ಗೊತ್ತಿಲ್ಲ ನೋಡ್ರಿ.” ಸರ್ ಅದನ್ನು ಕೇಳಿ ಹೌದೆಂಬಂತೆ ತಲೆಯಾಡಿಸುತ್ತಿದ್ದರು. ಅಕ್ಕನ ಮಾತಿಗೆ ಅವರು ಎದುರಾಡಿದ್ದನ್ನು ಯಾರೂ ಕೇಳಿಲ್ಲ.

ನಾನು ಮುಗದ ಎಂಬ ಹಳ್ಳಿಯವಳು. ಧಾರವಾಡದಿಂದ ಬಸ್ಸಿನಲ್ಲಿ ಬಹಳ ಹೊತ್ತಿನ ದಾರಿಯೇನಲ್ಲ, ಆದರೆ ನಮ್ಮಪ್ಪನ ಲೆಕ್ಕದಲ್ಲಿ ಸಪ್ತಾಪುರ ಬಹಳ ದೂರವಿತ್ತು. ಅಪ್ಪ ಭತ್ತ ಬೆಳೆಯುವವನು. ಮಾತು ಕಡಿಮೆ, ಕೊಟ್ಟ ಮಾತು ಗಟ್ಟಿ. “ಎರಡು ವರ್ಷ ಓದು, ಆಮ್ಯಾಲೆ ನಾ ಹೇಳಿದಂಗ ಕೇಳು” ಎಂದು ಹೇಳಿ ನನ್ನನ್ನು ಕಳಿಸಿದ್ದ. ಎರಡನೆಯ ವರ್ಷ ನಾನು ಮೊದಲ ಸುತ್ತು ದಾಟಿ, ಪುಟಗಟ್ಟಲೆ ಬರೆಯುವ ಮುಖ್ಯ ಪರೀಕ್ಷೆಗೆ ಬಂದಿದ್ದೆ. ಅದೊಂದು ದಾಟಿದರೆ ನನ್ನ ಬದುಕು ನನ್ನ ಕೈಗೆ ಬರುತ್ತಿತ್ತು.

ಆ ಪರೀಕ್ಷೆಗೆ ಒಂದು ತಿಂಗಳು ಇರುವಾಗ ಚಹಾದಂಗಡಿ ಜಾಗ ಬದಲಿಸಿತು. ರಸ್ತೆಯ ಗಟಾರು ತೆಗೆಯುತ್ತಾರೆಂದು ಅಂಗಡಿಯವನು ಸಾಮಾನು ಎತ್ತಿಕೊಂಡು ಬೇಕರಿಯ ಆಚೆ ಬದಿಗೆ ಹೋದ. ಆ ಕಾಗದವನ್ನೂ ಒಯ್ದು ಹೊಸ ಬಾಗಿಲಿಗೆ ಅಂಟಿಸಿದ. ನ್ಯಾಯವಾಗಿ ಸರ್ ಹಳೆಯ ಜಾಗದಲ್ಲೇ ನಿಂತು ಧರ್ಮಸುಧಾರಣೆ ಹೇಳಬೇಕಿತ್ತು. ಆದರೆ ಅವರಿಗೆ ಅಷ್ಟು ಹೊತ್ತಿಗೆ ಚಹಾ ಬೇಕು, ಚಹಾ ಇಲ್ಲದೆ ಆ ಸನ್ಯಾಸಿ ಅವರ ಬಾಯಿಗೆ ಬರುತ್ತಿರಲಿಲ್ಲ. “ಅದನ್ನ ಅಲ್ಲಿ ಹೋಗಿ ಹೇಳ್ತೇನಿ ನಡೀರಿ” ಎಂದು ಬೇಕರಿಯಲ್ಲಿ ಮೊದಲು ಕ್ರಾಂತಿ ಮುಗಿಸಿ, ಆಮೇಲೆ ಹೊಸ ಅಂಗಡಿಯ ಬೆಂಚಿನ ಮೇಲೆ ಗ್ಲಾಸು ಹಿಡಿದು ಸುಧಾರಣೆ ಹೇಳುತ್ತಿದ್ದರು. ನಾಲ್ಕು ಭಾನುವಾರ ಹಾಗೆಯೇ ನಡೆಯಿತು. ನಮಗೆಲ್ಲ ಅದು ತಮಾಷೆಯಾಗಿತ್ತು.

ಪರೀಕ್ಷೆಯಲ್ಲಿ ಪ್ರಶ್ನೆ ಬಂತು. ಯುರೋಪಿನ ಧರ್ಮಸುಧಾರಣೆಗೆ ಕಾರಣಗಳೇನು. ಅಷ್ಟು ಹೊತ್ತಿಗೆ ಎರಡೂವರೆ ತಾಸು ಬರೆದು ಬೆರಳು ಜೋಮು ಹಿಡಿದಿತ್ತು, ತಲೆ ಖಾಲಿಯಾಗಿತ್ತು. ಮರೆತರೆ ರೌಂಡಿನ ದಾರಿಯನ್ನೇ ಮನಸ್ಸಿನಲ್ಲಿ ನಡೆಯಿರಿ ಎಂದು ಸರ್ ಕಲಿಸಿದಂತೆ ಕಣ್ಣು ಮುಚ್ಚಿದೆ. ಗಿರಣಿಯಿಂದ ಹೊರಟೆ. ಮಂಜಿತ್ತು, ಟ್ಯಾಂಕಿನ ನೀರು ತೊಟ್ಟಿಕ್ಕುತ್ತಿತ್ತು, ಬೇಕರಿಯ ವಾಸನೆ ಬಂತು, ಅದನ್ನು ದಾಟಿ ಚಹಾದಂಗಡಿಯ ಬೆಂಚಿಗೆ ಬಂದು ಕೂತೆ. ಕಣ್ಣು ತೆರೆದು ನಾಲ್ಕು ಪುಟ ಬರೆದೆ. ಹಸಿದ ಜನ ಮೊದಲು ರಾಜನನ್ನು ಇಳಿಸಿದರು, ಆ ಧೈರ್ಯದಿಂದ ಆಮೇಲೆ ಚರ್ಚನ್ನು ಪ್ರಶ್ನಿಸಿದರು ಎಂದು. ಆ ವರ್ಷದ ನನ್ನ ಉತ್ತರಗಳಲ್ಲೆಲ್ಲ ಅಕ್ಷರ ದುಂಡಗಿದ್ದದ್ದು ಅದರಲ್ಲೇ.

ಮಾರನೆಯ ದಿನ ಕೋಣೆಯಲ್ಲಿ ಸರ್ ಎಲ್ಲರಿಂದ ಉತ್ತರ ಹೇಳಿಸಿದರು. ನನ್ನದನ್ನು ಕೇಳುತ್ತ ಕೇಳುತ್ತ ಅವರ ಕೈಯಲ್ಲಿದ್ದ ಸೀಮೆಸುಣ್ಣ ನಿಂತುಬಿಟ್ಟಿತು.

“ನಿನ್ನ ತಲ್ಯಾಗ ಚಾದಂಗಡಿ ಎಲ್ಲಿತ್ತವಾ?”

“ಬೇಕರಿ ಆಚಿ ಕಡೆ, ಸರ್.”

ಹಿಂದಿನ ಬೆಂಚಿನಿಂದ ಇನ್ನಿಬ್ಬರು, “ನಮ್ಮದೂ ಅಲ್ಲೇ ಇತ್ರಿ” ಅಂದರು. ಸರ್ ಕುರ್ಚಿಯ ಮೇಲೆ ಕುಳಿತರು. ಕ್ರಾಂತಿಗಿಂತ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲೇ ನಡೆದ ಸುಧಾರಣೆಯನ್ನು ನಾವು ಮೂವರೂ ಕ್ರಾಂತಿಯ ನಂತರ ಇಟ್ಟಿದ್ದೆವು. ಕೆಳಗೆ ಗಿರಣಿ ತಿರುಗುತ್ತಲೇ ಇತ್ತು.

ಫಲಿತಾಂಶ ಬಂದಾಗ ನಾನು ಕೆಲವೇ ಅಂಕಗಳಿಂದ ತಪ್ಪಿಹೋಗಿದ್ದೆ. ಅಪ್ಪ ಫೋನಿನಲ್ಲಿ ಬೈಯಲಿಲ್ಲ. “ಎರಡು ವರ್ಷ ಅಂದಿದ್ದೆ, ಎರಡು ವರ್ಷ ಆತು. ಒಂದು ಸಂಬಂಧ ಬಂದೈತಿ. ಅರಿವಿ ಅಂಚಡಿ ಕಟಗೊಂಡು ಬಾರವಾ” ಎಂದ. ಬೈದಿದ್ದರೆ ಜಗಳವಾದರೂ ಆಡುತ್ತಿದ್ದೆ. ಟ್ರಂಕು ಕಟ್ಟಿ ಸರ್‌ಗೆ ಹೇಳಿ ಹೋಗಲು ಬಂದೆ. ಅವರು ಸಮಾಧಾನದ ಒಂದು ಮಾತೂ ಹೇಳದೆ, “ಮುಗದಕ್ಕ ಬಸ್ ಎಷ್ಟೊತ್ತಿಗವಾ ಇರ್ತದ?” ಎಂದು ಕೇಳಿದರು.

ಮುಂದಿನ ಭಾನುವಾರ ಮಧ್ಯಾಹ್ನ ಅವರು ನಮ್ಮ ಹೊಲದ ಬದುವಿನ ಮೇಲೆ ನಿಂತಿದ್ದರು. ಬಿಸಿಲಲ್ಲೂ ಕಿವಿಗೆ ಮಫ್ಲರ್ ಇತ್ತು, ಕೈಯಲ್ಲಿ ಕೊಡೆ ಇತ್ತು. ಅಪ್ಪ ಕೈಯ ಮಣ್ಣು ಝಾಡಿಸಿಕೊಂಡು ಬಂದ. ಸರ್ ಕೈ ಮುಗಿದರು.

“ನಿಮ್ಮ ಮಗಳು ತಪ್ಪು ಬರದಿಲ್ರಿ ಯಜಮಾನ್ರ. ನಾ ಆಕಿನ್ನ ತಪ್ಪು ದಾರಿ ನಡಿಸಿದೆ. ಅದನ್ನ ಹೇಳಿ ಹೋಗೂಣಂತ ಬಂದೆ.”

ಗಟಾರು, ಬೇಕರಿ, ಚಹಾ, ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. 

“ಅಂದ್ರ ಮಾಸ್ತರ್ರ, ಚಾದಂಗಡಿ ಸರದದ್ದಕ್ಕ ನಮ್ಮ ಹುಡುಗಿ ನಪಾಸಾದ್ಲು ಅಂತೀರಿ?”

“ಹೌದ್ರಿ.”

ಇಷ್ಟು ದೂರ ಬಂದು ಇಂಥ ಕಾರಣ ಹೇಳುವ ಮನುಷ್ಯ ಸುಳ್ಳು ಹೇಳಲಾರ ಎಂದು ಅಪ್ಪನಿಗೆ ಅನ್ನಿಸಿರಬೇಕು. ಬದುವಿನ ಮೇಲೆ ಕುಂತು ಎಲೆಅಡಿಕೆಯ ಚೀಲ ಬಿಚ್ಚಿದ. “ಆತು ಬಿಡ್ರಿ. ಎರಡು ವರ್ಷ ಆಕಿ ಏನು ಓದಿದ್ಲೋ ನನಗ ಒಂದೀಟೂ ಗೊತ್ತಿಲ್ಲ. ಏನದು, ನನಗೂ ಒಂದೀಟು ಹೇಳ್ರಿ.”

ಸರ್ ಸುತ್ತ ನೋಡಿದರು. ಗಿರಣಿ ಇಲ್ಲ, ಟ್ಯಾಂಕಿಲ್ಲ, ಬೇಕರಿ ಇಲ್ಲ. ಬಾವಿಯಿಂದ ಹೊಲದ ಗಡಿಯ ಬಾಂದಗಲ್ಲಿನ ತನಕ ಹೋದ ಬದು ಒಂದೇ ಇತ್ತು. ಚಪ್ಪಲಿ ಬಿಟ್ಟು, ಈ ತುದಿಯಿಂದ ಆ ತುದಿಗೆ ಎಣಿಸುತ್ತ ನಡೆದು ಬಂದರು. ನೂರು ಹೆಜ್ಜೆ. “ಛಲೋ ಆತು” ಅಂದರು. “ಹೆಜ್ಜಿಗೊಂದು ನೂರು ವರ್ಷ ಹಿಡೀರಿ. ಈ ಬದು ಅಂದ್ರ ಹತ್ತು ಸಾವಿರ ವರ್ಷ. ಆ ಕಲ್ಲು ಬಂತಂದ್ರ ಇವತ್ತಿನ ದಿನ.”

ಬಾವಿಯ ಹತ್ತಿರ ಮೊದಲ ಹೆಜ್ಜೆಯಲ್ಲಿ ಯಾವಳೋ ಒಬ್ಬಳು, ಕೈಜಾರಿ ಬಿದ್ದ ಕಾಳು ಮಳೆಗೆ ಮೊಳೆತದ್ದನ್ನು ನೋಡಿದಳು. ಮಾರನೆಯ ವರ್ಷ ಬೇಕೆಂದೇ ಬೀಳಿಸಿದಳು. ಅಪ್ಪ ಬಗ್ಗಿ ಆ ಜಾಗ ನೋಡಿದ. ಹತ್ತು ಹೆಜ್ಜೆಯಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಬಿತ್ತುವವರು, ದನ ಪಳಗಿಸುವವರು, ಗಡಿಗೆ ಮಾಡುವವರು.

“ರಾಜಾ ಇನ್ನೂ ಬಂದಿಲ್ಲೇನ್ರಿ?”

“ಇಲ್ರಿ. ಐವತ್ತು ಹೆಜ್ಜಿ ತನಕ ಬರೇ ನಿಮ್ಮ ಮಂದೀನ.”

ಅಪ್ಪನ ಮುಖದಲ್ಲಿ ಆಗ ಮೂಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅರ್ಧ ಬದು ತಮ್ಮದೇ ಎಂಬ ಹೆಮ್ಮೆಯೋ, ಯಾರೂ ಇದನ್ನು ತನಗೆ ಮೊದಲೇ ಹೇಳಲಿಲ್ಲವಲ್ಲ ಎಂಬ ದುಃಖವೋ, ಎರಡೂ ಇದ್ದವು. ಐವತ್ತರ ನಂತರ ಕೋಟೆಗಳು ಎದ್ದವು, ಅಕ್ಷರ ಬಂತು. ಎಂಬತ್ತರ ಆಚೀಚೆ ರೋಮ್ ಎದ್ದು, ಬಿತ್ತು. ತೊಂಬತ್ತೆರಡರಲ್ಲಿ ಸರ್ ನಿಂತು, “ಇಲ್ಲಿ ಕಲ್ಯಾಣದಾಗ ಶರಣರು” ಅಂದಾಗ ಅಪ್ಪ ತಲೆಯ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡ. ತೊಂಬತ್ತೈದಕ್ಕೆ ಸರ್ ನನ್ನ ಕಡೆ ತಿರುಗಿದರು. “ಧರ್ಮಸುಧಾರಣಿ ಇಲ್ಲಿ. ಕ್ರಾಂತಿ ಅಲ್ಲಿ, ತೊಂಬತ್ತೆಂಟಕ್ಕ. ಇದು ಬದು ಅದವಾ. ಸರಿಯೂದಿಲ್ಲ.”

ತೊಂಬತ್ತೆಂಟಕ್ಕೆ ಬರುವಾಗ ಸಂಜೆಯಾಗಿತ್ತು. ರೊಟ್ಟಿಗಾಗಿ ನಡೆದ ಹೆಂಗಸರ ಕಥೆ ಮುಗಿಯುವ ಹೊತ್ತಿಗೆ ಧಾರವಾಡದ ಬಸ್ಸಿನ ಹಾರ್ನು ಕೇಳಿಸಿತು. ಸರ್ ಕೊಡೆ ತೆಗೆದುಕೊಂಡರು.

“ಎರಡಽ ಹೆಜ್ಜಿ ಉಳದಾವಲ್ರಿ ಮಾಸ್ತರ್ರ. ಮುಗಿಸೇ ಹೋಗ್ರಿ” ಎಂದ ಅಪ್ಪ.

“ಇವೆರಡಕ್ಕ ಇಡೀ ಒಂದು ದಿವಸ ಬೇಕ್ರಿ. ಹಿಂದಿನವು ಸಾವಕಾಶ ನಡದಾವ, ಇವು ಓಡ್ಯಾವ. ಇನ್ನೊಮ್ಮೆ ಬರ್ತೇನಿ.”

ಬಸ್ಸಿನ ತನಕ ಅಪ್ಪ ಅವರ ಹಿಂದೆಯೇ ನಡೆದ. ಅವರು ಹತ್ತಿ ಕೂತ ಮೇಲೆ ಕಿಟಕಿಗೆ ಬಾಯಿಟ್ಟು, “ಹಂಗಾರ ಆಕಿ ಇನ್ನೊಂದು ವರ್ಷ ಓದ್ಲಿ. ನೀವು ಬಂದು ಆ ಎರಡು ಹೆಜ್ಜಿ ಮುಗಿಸ್ರಿ” ಎಂದ. ನನಗೆ ಸಿಕ್ಕ ಆ ಒಂದು ವರ್ಷದ ಒಪ್ಪಂದ ಇಷ್ಟೇ.

ಆ ವರ್ಷವೂ ದೊಡ್ಡ ಹುದ್ದೆ ಸಿಗಲಿಲ್ಲ. ಆದರೆ ಹೈಸ್ಕೂಲಿನ ಶಿಕ್ಷಕಿಯ ನೌಕರಿ ಸಿಕ್ಕಿತು, ಈಗ ಶಿರಗುಪ್ಪಿಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೈದಾನದಲ್ಲಿ ಸುಣ್ಣದ ಗೆರೆ ಎಳೆಸಿ ಮಕ್ಕಳನ್ನು ನೂರು ಹೆಜ್ಜೆ ನಡೆಸುತ್ತೇನೆ. ಹೆಡ್‌ಮಾಸ್ತರರು ಅದನ್ನು ಡ್ರಿಲ್ ಅಂದುಕೊಂಡಿದ್ದಾರೆ, ಇರಲಿ. ನನ್ನ ಊಟ ನನ್ನದು, ನನ್ನ ಮದುವೆಗೆ ಹೂಂ ಅಂದವಳೂ ನಾನೇ. ಇದೆಲ್ಲ ಆ ಬದುವಿನ ಮೇಲೆ ಹುಟ್ಟಿದ್ದು ಎಂದು ನನಗೆ ಚೆನ್ನಾಗಿ ಗೊತ್ತು.

ಸರ್ ಮಾತ್ರ ಮತ್ತೆ ಮುಗದಕ್ಕೆ ಬರಲಿಲ್ಲ. ನಾನು ಭೆಟ್ಟಿಯಾದಾಗಲೆಲ್ಲ ಅವರೇ ನೆನಪು ತೆಗೆಯುತ್ತಿದ್ದರು. “ಅಪ್ಪಾರಿಗೆ ಹೇಳವಾ, ಈ ಬ್ಯಾಚು ಮುಗೀಲಿ, ಬಂದ ಬರ್ತೇನಿ.” ಒಂದು ಬ್ಯಾಚು ಮುಗಿಯುವುದರೊಳಗೆ ಇನ್ನೊಂದು ಶುರುವಾಗುತ್ತಿತ್ತು. ಆಮೇಲೆ ಮೊಳಕಾಲು ಹಿಡಿಯಿತು, ರೌಂಡ್ ಬೇಕರಿಯ ತನಕ ಮಾತ್ರ ಆಯಿತು, ಕಡೆಕಡೆಗೆ ಕೋಣೆಯೊಳಗೇ ನಿಂತಿತು. ಊರಿಗೆ ಹೋದರೆ ಅಪ್ಪನೂ ಕೇಳುತ್ತಿದ್ದ. “ಮಾಸ್ತರು ಯಾವಾಗ ಬರ್ತಾರಂತ?” ಒಂದು ರಿಕ್ಷಾ ಮಾಡಿ ಅವರನ್ನು ಕೂರಿಸಿಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಶಾಲೆಯ ಈ ಸೂಟಿಗೆ, ಮುಂದಿನ ರಜೆಯ ಸೂಟಿಗೆ ಎಂದು ನಾನು ಹನ್ನೆರಡು ವರ್ಷ ಕಳೆದೆ. ಸರ್ ಅವರ ಅಳತೆಯಲ್ಲಿ ಹನ್ನೆರಡು ವರ್ಷ ಅಂದರೆ ಬದುವಿನ ಮೇಲೆ ನಾಲ್ಕು ಬೆರಳು. ಅಷ್ಟನ್ನು ದಾಟಲು ನನಗೆ ಆಗಲಿಲ್ಲ. ಈ ನಾಚಿಕೆ ನನ್ನನ್ನು ಬಿಡುವುದಿಲ್ಲ.

ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ, ಸುದ್ದಿ ತಡವಾಗಿ ತಿಳಿಯಿತು. ನಾಲ್ಕು ದಿನ ಬಿಟ್ಟು ಹೋದೆ. ಅಕ್ಕಾವರು ಬಾಗಿಲಲ್ಲೇ ಕೂತಿದ್ದರು. “ಮ್ಯಾಲೆ ಹೋಗಿ ನೋಡಿ ಬಾರವಾ. ನಿನ್ನ ಊರಿನ ಹೆಸರದ ಅಲ್ಲಿ. ಒರಸಾಕ ಹೋದ್ರ ನನಗ ಬೈತಿದ್ದ” ಅಂದರು. ಸರ್ ಬೈಯುತ್ತಿದ್ದರು ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಮೆಟ್ಟಿಲು ಹತ್ತಿದೆ. ಬೆಂಚುಗಳ ಮೇಲೆ ಹಿಟ್ಟಿನ ಧೂಳು ಕೂತಿತ್ತು. ಕಿಟಕಿಯ ಬಿಸಿಲಲ್ಲಿ ಇನ್ನಷ್ಟು ಧೂಳು ತೇಲುತ್ತಿತ್ತು, ಇಳಿಯುವ ಮನಸ್ಸಿಲ್ಲದೆ. ಹಲಗೆಯ ಎಡ ಮೂಲೆಯ ಪಟ್ಟಿಯಲ್ಲಿ ಎರಡು ಹೊಸ ಸಾಲುಗಳಿದ್ದವು, ಮುಂಜಾನೆಯದು, ಸಂಜೆಯದು. ಅವುಗಳ ಕೆಳಗೆ, ಮಸುಕಾದಂತೆಲ್ಲ ಮೇಲೆ ಮೇಲೆ ತಿದ್ದಿ ದಪ್ಪವಾಗಿದ್ದ ಮೂರನೆಯ ಸಾಲು. ‘ಮುಗದ: ಕ್ರಾಂತಿಯಿಂದ ಮುಂದೆ.’

ನಮ್ಮಪ್ಪ ಅವರಿಗೆ ಒಂದು ಬ್ಯಾಚು ಆಗಿದ್ದ. ಹನ್ನೆರಡು ವರ್ಷ ಅವರು ಆ ಬ್ಯಾಚನ್ನು ಮುಗಿಸಿರಲಿಲ್ಲ. ಅಲ್ಲಿ ನಿಂತು ಅತ್ತೆ. ಕೆಳಗೆ ಗಿರಣಿ ಶುರುವಾಯಿತು, ಅಕ್ಷರಗಳು ನಡುಗಿದವು.

ಅಲ್ಲಿಂದ ಸೀದಾ ಮುಗದಕ್ಕೆ ಹೋದೆ. ಭತ್ತ ಕೊಯ್ದು ಮುಗಿದಿತ್ತು, ಹೊಲ ಬರಿದಾಗಿತ್ತು, ಬದು ಒಣಗಿ ಬೆಳ್ಳಗಿತ್ತು. ಅಪ್ಪನಿಗೆ ಸುದ್ದಿ ಹೇಳಿದೆ, ಹಲಗೆಯ ಸಾಲನ್ನೂ ಹೇಳಿದೆ. ಅವನು ಎದ್ದ. ಬಾವಿಯ ಹತ್ತಿರ ಹೋಗಿ ಚಪ್ಪಲಿ ಬಿಟ್ಟ. ಒಂದೊಂದೇ ಹೆಜ್ಜೆ ಇಡುತ್ತ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ನಡೆದ. ಕಾಳು ಬೀಳಿಸಿದವಳು, ದನ, ಗಡಿಗೆ, ಐವತ್ತಕ್ಕೆ ರಾಜ, ರೋಮ್, ಶರಣರು, ಬಾಗಿಲಿಗೆ ಕಾಗದ ಹಚ್ಚಿದ ಸನ್ಯಾಸಿ, ರೊಟ್ಟಿ ಸಿಗದ ಹೆಂಗಸರು. ಒಂದೂ ಹಿಂದುಮುಂದಾಗಲಿಲ್ಲ. ಪರೀಕ್ಷೆಯಲ್ಲಿ ನಾನು ತಪ್ಪಿದ್ದನ್ನು ನಮ್ಮಪ್ಪ ತಪ್ಪಲಿಲ್ಲ.

ತೊಂಬತ್ತೆಂಟಕ್ಕೆ ನಿಂತ. “ಇಲ್ಲಿ ಬಿಟ್ಟಿದ್ರು” ಎಂದ. “ಮುಂದಿಂದು ನೀ ಹೇಳವಾ.”

ನಾನೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತೆ. ದನಿ ಏರಿಸದೆ, ಸರ್ ಹೇಳುತ್ತಿದ್ದ ಹಾಗೆಯೇ ಶುರು ಮಾಡಿದೆ. ಉಗಿಯ ಯಂತ್ರ ಬಂತು, ನಮ್ಮ ಸೀಮೆಯ ಹತ್ತಿ ಹಡಗು ಹತ್ತಿತು, ಆ ಹತ್ತಿಯೇ ಬಟ್ಟೆಯಾಗಿ ತಿರುಗಿ ಬಂತು. ದೂರದವರು ಬಂದು ನಮ್ಮನ್ನು ಆಳಿದರು. ಎರಡು ದೊಡ್ಡ ಯುದ್ಧಗಳಾದವು, ಎರಡು ಊರುಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಬೂದಿಯಾದವು. ಒಂದರ ಹಿಂದೆ ಒಂದು ದೇಶ ಬಿಡುಗಡೆಯಾಯಿತು, ನಮ್ಮದೂ ಆಯಿತು. ಅಪ್ಪ ನಡುನಡುವೆ ತಡೆದು ಕೇಳುತ್ತಿದ್ದ, ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದ. ಬಿಸಿಲು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಎರಡು ಹೆಜ್ಜೆ ಮುಗಿದು ನಮ್ಮಿಬ್ಬರ ಕಾಲು ಬಾಂದಗಲ್ಲಿಗೆ ತಾಗಿದವು.

ಆ ಕಡೆ ರಸ್ತೆಯಲ್ಲಿ ಧಾರವಾಡದ ಬಸ್ಸು ಹಾರ್ನು ಹೊಡೆಯಿತು. ಅದು ಹೋದ ದಿಕ್ಕನ್ನೇ ಅಪ್ಪ ನೋಡುತ್ತ ನಿಂತ.

“ಖರೇನ ಹೇಳಿದ್ರು ಮಾಸ್ತರು. ಇದಕ್ಕ ಒಂದು ದಿವಸ ಬೇಕಿತ್ತು” ಎಂದ. ಕಲ್ಲಿನ ಮೇಲೆ ಕೈಯೂರಿ ಕುಂತ. “ಅವತ್ತ ಬಸ್ಸು ತಪ್ಪಿಸಬೇಕಿತ್ತು ನಾ. ಒಂದು ರಾತ್ರಿ ನಮ್ಮನ್ಯಾಗ ಉಳಸ್ಕೊಂಡಿದ್ರ ಆಗ್ತಿತ್ತು.”